ಯಾರು ಮೊದಲು ಹೊಡೆಯಬೇಕು? ಕಾಳಗದ ಸರದಿಗೆ ನಿಮ್ಮದೇ ನಿಯಮ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮ ಸೊಸೈಟಿಯ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ, ದಾಳ ಹಾಕಿ ಪಾತ್ರ ವಹಿಸುವ ಕತೆಯಾಟ ಆಡುತ್ತೇವೆ. ಆಟಗಾರರು ಐದು ಜನ, ಕತೆ ನಡೆಸಿ ಶತ್ರುಗಳನ್ನು ಆಡಿಸುವ ಡಂಜನ್ ಮಾಸ್ಟರ್, ಅಂದರೆ ಡಿಎಂ, ನಾನು. ಎಲ್ಲರೂ ಕನ್ನಡದವರೇ. ಐದನೇ ಆವೃತ್ತಿ, 2014ರ ಪುಸ್ತಕ, ಐದನೇ ಲೆವೆಲ್. ಪಾತ್ರಗಳಲ್ಲಿ ರೋಗ್ (ಕಳ್ಳ), ಮಂಕ್ (ಕೈಯಲ್ಲೇ ಹೋರಾಡುವ ಸನ್ಯಾಸಿ), ವಿಝರ್ಡ್ (ಮಾಂತ್ರಿಕ), ಕ್ಲೆರಿಕ್ (ಪೂಜಾರಿ), ಪ್ಯಾಲಡಿನ್ (ಧರ್ಮಯೋಧ) ಇದ್ದಾರೆ. ಕತೆ ಚೆನ್ನಾಗಿ ಓಡುತ್ತದೆ. ಆದರೆ ಕಾಳಗ ಶುರುವಾದರೆ ಮುಗಿಯುವುದೇ ಇಲ್ಲ. ತಮ್ಮ ಸರದಿ ಮುಗಿಸಿದವರು ಮೊಬೈಲ್ ಹಿಡಿದು ಕೂರುತ್ತಾರೆ. ರೋಗ್ ಆಡುವ ಹುಡುಗನೇ ಯಾವಾಗಲೂ ಮೊದಲು ಹೊಡೆಯುತ್ತಾನೆ. ಕ್ಲೆರಿಕ್ ಆಡುವವರು ವಾಶಿಯಿಂದ ಬರಬೇಕು, ಹಳಿ ಕೆಲಸಕ್ಕೆ ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದ ದಿನ ಕಾಳಗದ ನಡುವೆ ಬಂದು ಸೇರುತ್ತಾರೆ. ಪ್ರತಿ ರೌಂಡಿಗೂ (ಎಲ್ಲರಿಗೂ ಒಂದೊಂದು ಸರದಿ ಆಗುವ ಸುತ್ತು) ಹೊಸದಾಗಿ ಇನಿಶಿಯೇಟಿವ್, ಅಂದರೆ ಯಾರು ಮೊದಲು ಅಂತ ತೀರ್ಮಾನಿಸುವ ದಾಳ, ಹಾಕಿಸಿ, ಆಯುಧದ ವೇಗವನ್ನೂ ಸೇರಿಸಿದರೆ ಆಟಕ್ಕೆ ಜೀವ ಬರುತ್ತದೆ ಅನಿಸುತ್ತಿದೆ. ಸರಿನಾ? ನಮ್ಮದೇ ನಿಯಮ ಕಟ್ಟುವುದು ಹೇಗೆ?

ಉತ್ತರ: ಮೊದಲು ನಿಮ್ಮ ಕೊನೇ ಮಾತನ್ನೇ ಹಿಡಿಯೋಣ. ಪ್ರತಿ ರೌಂಡಿಗೂ ಹಾಕಿಸುವುದು, ಆಯುಧದ ವೇಗ ಸೇರಿಸುವುದು, ಎರಡನ್ನೂ ಈಗ ಬೇಡ ಅನ್ನುತ್ತೇನೆ. ಕೆಟ್ಟ ನಿಯಮ ಅಂತಲ್ಲ. ನಿಮ್ಮ ಮೇಜಿನ ಮೇಲೆ ಇರುವ ತೊಂದರೆ ಅದರಿಂದ ಇನ್ನೂ ಜಾಸ್ತಿ ಆಗುತ್ತದೆ.

ಆಯುಧದ ವೇಗ ಯಾಕೆ ಹುಟ್ಟಿತು ನೋಡಿ. 1989ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಹತ್ತು ಮುಖದ ದಾಳ ಹಾಕುತ್ತಿದ್ದರು. ಕಡಿಮೆ ಬಂದವರು ಮೊದಲು. ಬೇಕೆನಿಸಿದವರು ಅದಕ್ಕೆ ಆಯುಧದ ಅಂಕಿ ಕೂಡಿಸುತ್ತಿದ್ದರು. ಬಾಕುವಿಗೆ 2, ಉದ್ದ ಕತ್ತಿಗೆ 5, ಎರಡು ಕೈಯಲ್ಲಿ ಬೀಸುವ ದೊಡ್ಡ ಕತ್ತಿಗೆ 10. ಮಂತ್ರಗಳಿಗೂ ಹಾಗೇ ಒಂದೊಂದು ಅಂಕಿ. ಏನು ಮಾಡುತ್ತೇವೆ ಅಂತ ದಾಳ ಹಾಕುವ ಮೊದಲೇ ಹೇಳಿಬಿಡಬೇಕಿತ್ತು. ಮಂತ್ರ ಮುಗಿಯುವ ಮೊದಲು ಮಾಂತ್ರಿಕನಿಗೆ ಏಟು ಬಿದ್ದರೆ ಮಂತ್ರವೇ ಹಾಳು. ಈ ಕೊನೇ ಸಾಲಿನಲ್ಲೇ ಎಲ್ಲ ಮಜಾ ಇದೆ. ಬಾಕು ಹಿಡಿದವನು ಓಡಿಬಂದು ಮಂತ್ರ ಕೆಡಿಸುತ್ತಾನಾ ಇಲ್ಲವಾ ಅಂತ ಎಲ್ಲರೂ ಉಸಿರು ಹಿಡಿದು ಕೂರುತ್ತಿದ್ದರು. ಐದನೇ ಆವೃತ್ತಿಯಲ್ಲಿ ಆ ಭಯವೇ ಇಲ್ಲ. ತನ್ನ ಸರದಿ ಬಂತು, ಮಂತ್ರ ಹಾಕಿದ, ಆಯಿತು. ವೇಗದ ಅಂಕಿ ತಂದರೆ ಲೆಕ್ಕ ಮಾತ್ರ ಬರುತ್ತದೆ, ಭಯ ಬರುವುದಿಲ್ಲ.

2014ರ ಡಂಜನ್ ಮಾಸ್ಟರ್ಸ್ ಗೈಡಿನಲ್ಲೇ ಇದರ ಹೊಸ ರೂಪ ಇದೆ, ಇಲ್ಲಿ ಜಾಸ್ತಿ ಬಂದವರು ಮೊದಲು. ಭಾರದ ಆಯುಧಕ್ಕೆ 2 ಕಳೆಯಬೇಕು, ಹಗುರದ್ದಕ್ಕೆ 2 ಕೂಡಿಸಬೇಕು, ಮಂತ್ರವಾದರೆ ಅದರ ಲೆವೆಲ್ ಎಷ್ಟೋ ಅಷ್ಟು ಕಳೆಯಬೇಕು. 2017ರಲ್ಲಿ ಈ ಆಟ ಕಟ್ಟುವ ಬಳಗದವರೇ ಗ್ರೇಹಾಕ್ ಇನಿಶಿಯೇಟಿವ್ ಅಂತ ಇನ್ನೊಂದನ್ನು ಪ್ರಯೋಗಕ್ಕೆ ಬಿಟ್ಟರು. ಅದರಲ್ಲಿ ಬಿಲ್ಲಿಗೆ ನಾಲ್ಕು ಮುಖದ ದಾಳ, ಕತ್ತಿಗೆ ಎಂಟು ಮುಖದ್ದು, ಮಂತ್ರಕ್ಕೆ ಹನ್ನೆರಡರದ್ದು, ಕಡಿಮೆ ಬಂದವರು ಮೊದಲು. ಓದಲು ಎರಡೂ ಚೆಂದ. ನಿಮ್ಮ ಮೇಜಿಗೆ ತಂದು ನೋಡಿ. ಐದು ಆಟಗಾರರು, ಒಂದು ಗುಂಪು ಶತ್ರುಗಳು, ಅವರ ನಾಯಕ, ಒಟ್ಟು ಏಳು ಅಂಕಿ. ಪ್ರತಿ ರೌಂಡಿಗೂ ಕೇಳಬೇಕು, ಬರೆಯಬೇಕು, ಜೋಡಿಸಬೇಕು. ಒಂದು ಸಲಕ್ಕೆ ಒಂದೂವರೆ ನಿಮಿಷ ಹಿಡಿದರೂ ನಾಲ್ಕು ರೌಂಡಿಗೆ ಆರು ನಿಮಿಷ ಬರೀ ಪಟ್ಟಿಗೇ ಹೋಯಿತು. ಮೊಬೈಲ್ ಹಿಡಿದವರು ಆಗ ಇನ್ನೊಂದು ರೀಲ್ ನೋಡುತ್ತಾರೆ, ಅಷ್ಟೇ. ಇಬ್ಬರು ಮೂವರೇ ಆಡುವ ಮೇಜಾದರೆ ಮಾತು ಬೇರೆ. ಅಲ್ಲಿ ಇದು ಚೆನ್ನಾಗಿ ಕೂರುತ್ತದೆ.

ಈಗ ನಿಮ್ಮ ದೂರುಗಳು. ಮೂರಕ್ಕೂ ಇನಿಶಿಯೇಟಿವ್ ಕಾರಣ ಅಂತ ನೀವು ಒಂದೇ ಗಂಟು ಕಟ್ಟಿದ್ದೀರಿ. ಅವು ಬೇರೆಬೇರೆ.

ರೋಗ್ ಯಾವಾಗಲೂ ಮೊದಲು ಅಂದಿರಿ. ಇಪ್ಪತ್ತು ಮುಖದ ದಾಳ ದೊಡ್ಡದು, ಡೆಕ್ಸ್, ಅಂದರೆ ಪಾತ್ರದ ಚುರುಕುತನದಿಂದ ಬರುವ ಮೂರು ನಾಲ್ಕು ಅಂಕಿ ಅದರ ಮುಂದೆ ಸಣ್ಣದು. +3 ಇರುವವನು 0 ಇರುವವನಿಗಿಂತ ಮುಂದೆ ಬರುವುದು ನೂರಕ್ಕೆ ಸುಮಾರು 62 ಸಲ ಮಾತ್ರ. +5 ಆದರೂ 70. ಹಾಗಾಗಿ ಬರೀ ಡೆಕ್ಸ್ ನಂಬಿ ಯಾರೂ ಯಾವಾಗಲೂ ಮೊದಲು ಬರಲಾರರು. ನಿಮ್ಮ ಹುಡುಗ ಅಲರ್ಟ್ ಅನ್ನುವ ಫೀಟ್ (ಪಾತ್ರಕ್ಕೆ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ತೆಗೆದುಕೊಂಡಿದ್ದಾನಾ ನೋಡಿ. ಅದು 5 ಕೊಡುತ್ತದೆ. ಡೆಕ್ಸ್ +4, ಅಲರ್ಟ್ +5, ಒಟ್ಟು +9 ಆದರೆ 0 ಇರುವವರ ಮುಂದೆ ನೂರಕ್ಕೆ 83 ಸಲ ಅವನದ್ದೇ ಗೆಲುವು. ಹಾಗಿದ್ದರೆ ಅದು ಅವನು ಬೆಲೆ ಕೊಟ್ಟು ಪಡೆದದ್ದು. ಕಿತ್ತುಕೊಳ್ಳಬಾರದು.

ಇನ್ನೊಂದು ವಿಷಯ. ಈಗಿನ ನಿಯಮದಲ್ಲಿ ದಾಳ ಒಂದೇ ಸಲ ಹಾಕುವುದು, ಆಮೇಲೆ ಅದೇ ಸಾಲು ಸುತ್ತುತ್ತಾ ಇರುತ್ತದೆ. 2000ದಲ್ಲಿ ಬಂದ ಮೂರನೇ ಆವೃತ್ತಿಯಿಂದ ಹೀಗೆ. ಸುತ್ತುವ ಸಾಲಿನಲ್ಲಿ ಮೊದಲು ಅನ್ನುವುದು ಒಂದೇ ಸಲ ಇರುತ್ತದೆ. ಎರಡನೇ ರೌಂಡಿನಿಂದ ನಿಮ್ಮ ಹಿಂದೆ ಯಾರು, ಮುಂದೆ ಯಾರು ಅನ್ನುವುದಷ್ಟೇ ಲೆಕ್ಕ. ಮೊದಲು ಬಂದದ್ದರ ಒಟ್ಟು ಲಾಭ ಅಂದರೆ ಹೆಚ್ಚೆಂದರೆ ಒಂದು ಸರದಿ.

ಕಾಯುವ ದೂರು ನಿಜವಾದದ್ದು. ಒಬ್ಬೊಬ್ಬರು ಮೂರು ನಿಮಿಷ ತೆಗೆದುಕೊಂಡರೆ, ನೀವು ನಾಲ್ಕು ತೆಗೆದುಕೊಂಡರೆ, ರೌಂಡ್ 19 ನಿಮಿಷ. ಅದರಲ್ಲಿ ಪ್ರತಿಯೊಬ್ಬ ಆಟಗಾರ 16 ನಿಮಿಷ ಸುಮ್ನೆ ಕೂತಿರುತ್ತಾನೆ. ಆ ಮೂರು ನಿಮಿಷದಲ್ಲಿ ದಾಳಕ್ಕೆ ಹೋಗುವುದು ಕಡಿಮೆ. ಹೆಚ್ಚು ಹೋಗುವುದು ಈ ಮಾತಿಗೆ: "ನನ್ನ ಸರದಿನಾ? ಏನಾಯ್ತು ಈಗ? ಆ ಮೂಲೇಲಿ ಇದ್ದವನು ಸತ್ತನಾ?" ತಾನು ಯೋಚಿಸಿಟ್ಟದ್ದನ್ನು ನಡುವೆ ಬಂದ ಐದು ಸರದಿಗಳು ಕೆಡಿಸಿರುತ್ತವೆ. ಹಾಗಾಗಿ ಮುಂಚೆ ಯೋಚಿಸಿ ಲಾಭವಿಲ್ಲ, ಯೋಚಿಸದೆ ಇದ್ದರೆ ನಷ್ಟವಿಲ್ಲ. ಜನ ಮೊಬೈಲ್ ತೆಗೆಯುವುದು ಸೋಮಾರಿತನದಿಂದಲ್ಲ ಸ್ವಾಮಿ, ನಿಯಮವೇ ಅವರಿಗೆ ಬಿಡುವು ಕೊಟ್ಟಿದೆ.

ಹೊಸ ನಿಯಮ ಕಟ್ಟುವಾಗ ಯಾರು ವೇಗದವರು ಅನ್ನುವುದರಿಂದ ಶುರು ಮಾಡಬೇಡಿ. ಯಾರು ಎಷ್ಟು ಹೊತ್ತು ಕಾಯುತ್ತಾರೆ, ಕಾಯುವಾಗ ಏನು ಮಾಡಬಹುದು, ಇದರಿಂದ ಶುರು ಮಾಡಿ. ಬೇರೆ ಆಟಗಳನ್ನು ಕಟ್ಟಿದವರು ಮಾಡಿದ್ದೂ ಅದನ್ನೇ.

ತುಂಬಾ ಜನ ಹೊಗಳುವುದು ಪಾಪ್‌ಕಾರ್ನ್ ಅನ್ನುವ ಬಗೆಯನ್ನು. 2012ರ ಮಾರ್ವೆಲ್ ಹೀರೋಯಿಕ್ ಆಟದಿಂದ ಅದು ಹೆಸರಾಯಿತು. ದಾಳವೇ ಇಲ್ಲ. ಒಬ್ಬರು ಆಡಿ ಮುಗಿಸಿದ ಮೇಲೆ ಮುಂದೆ ಯಾರು ಅಂತ ಅವರೇ ಹೇಳುತ್ತಾರೆ. ರೌಂಡಿನಲ್ಲಿ ಕೊನೆಗೆ ಆಡಿದವರು ಮುಂದಿನ ರೌಂಡನ್ನು ಯಾರು ಶುರು ಮಾಡಬೇಕು ಅಂತ ಆರಿಸುತ್ತಾರೆ. ಇದರಲ್ಲಿ ಒಂದು ಒಳ್ಳೆಯ ಮುಳ್ಳು ಇದೆ. ಆಟಗಾರರೆಲ್ಲ ಮೊದಲೇ ಆಡಿಬಿಟ್ಟರೆ ಕೊನೆಯ ಸರದಿ ಶತ್ರುವಿನದ್ದು. ಅವನು ಮುಂದಿನ ರೌಂಡಿಗೂ ತನ್ನವನನ್ನೇ ಆರಿಸುತ್ತಾನೆ. ಆರು ಬಗ್‌ಬೇರ್‌ಗಳು (ಮೈತುಂಬ ರೋಮದ ದೈತ್ಯರು) ಇದ್ದರೆ ಹನ್ನೆರಡು ಏಟು ಸಾಲಾಗಿ ಬೀಳುತ್ತವೆ. ಬಗ್‌ಬೇರ್ ಏಟು ಸರಾಸರಿ 11. ಮೇಜ್ ಆರ್ಮರ್ ಮಂತ್ರ ಹಾಕಿ ಎಸಿ (ಏಟು ತಗುಲಲು ಶತ್ರು ಮುಟ್ಟಬೇಕಾದ ಅಂಕಿ) 15 ಮಾಡಿಕೊಂಡ ವಿಝರ್ಡ್‌ಗೆ ಅರ್ಧ ತಗುಲಿದರೂ 66. ಐದನೇ ಲೆವೆಲ್ ವಿಝರ್ಡ್‌ಗೆ ಕಾನ್ (ದೇಹದ ತಾಳಿಕೆ) +2 ಇದ್ದರೆ ಎಚ್‌ಪಿ (ಪ್ರಾಣದ ಅಂಕಿ) 32. ಎರಡು ಸಲ ಬಿದ್ದ ಹಾಗೆ. ಈ ಭಯದಿಂದ ಆಟಗಾರರು ನಡುವೆ ಶತ್ರುವಿಗೂ ಸರದಿ ಬಿಟ್ಟುಕೊಡಲು ಕಲಿಯುತ್ತಾರೆ. ಯೋಚನೆ ಜಾಣತನದ್ದು.

ಆದರೆ ಐದನೇ ಆವೃತ್ತಿಯಲ್ಲಿ ಆ ಮುಳ್ಳು ಮೊಂಡಾಗುತ್ತದೆ. ಬಗ್‌ಬೇರ್‌ಗೆ ಎಚ್‌ಪಿ 27 ಮಾತ್ರ. ವಿಝರ್ಡ್ ಒಂದು ಫೈರ್‌ಬಾಲ್ (ಬೆಂಕಿಯುಂಡೆಯ ಮಂತ್ರ) ಎಸೆದರೆ, ಬೆಂದು ನಿಂತವರನ್ನು ಉಳಿದ ನಾಲ್ವರು ಒಬ್ಬೊಬ್ಬರಾಗಿ ಮುಗಿಸುತ್ತಾರೆ. ಸತ್ತವನಿಗೆ ಸರದಿ ಇಲ್ಲ. ಉಳಿದ ಒಬ್ಬಿಬ್ಬರು ಎರಡೆರಡು ಸಲ ಹೊಡೆದರೂ ಯಾರಿಗೆ ಭಯ? ಎಲ್ಲರೂ ಮೊದಲೇ ನುಗ್ಗುವುದೇ ಲಾಭ ಅಂತ ಬೇಗ ಗೊತ್ತಾಗುತ್ತದೆ. ಇನ್ನೊಂದು ಕೆಟ್ಟ ಗುಣ, ಮೇಜಿನಲ್ಲಿ ಮಾತು ಕಡಿಮೆ ಇರುವವರನ್ನು ಯಾವಾಗಲೂ ಕೊನೆಗೆ ಕರೆಯುತ್ತಾರೆ. ಯಾರೂ ಬೇಕೆಂದು ಮಾಡುವುದಿಲ್ಲ, ಆಗಿಹೋಗುತ್ತದೆ.

ನನಗೆ ಬಹಳ ಇಷ್ಟವಾದದ್ದು 2015ರ ಶ್ಯಾಡೋ ಆಫ್ ದ ಡೀಮನ್ ಲಾರ್ಡ್ ಆಟದ್ದು. ಅಲ್ಲೂ ದಾಳ ಇಲ್ಲ. ಪ್ರತಿ ರೌಂಡಿನಲ್ಲಿ ನೀವೇ ಆರಿಸಬೇಕು, ವೇಗದ ಸರದಿ ಬೇಕಾ, ನಿಧಾನದ್ದಾ. ವೇಗದ್ದಾದರೆ ಓಡಬಹುದು ಇಲ್ಲವೇ ಹೊಡೆಯಬಹುದು, ಒಂದೇ. ನಿಧಾನದ್ದಾದರೆ ಎರಡೂ. ಮೊದಲು ಆಟಗಾರರ ವೇಗದವರು, ಆಮೇಲೆ ಶತ್ರುಗಳ ವೇಗದವರು, ಮತ್ತೆ ಆಟಗಾರರ ನಿಧಾನದವರು, ಕೊನೆಗೆ ಶತ್ರುಗಳ ನಿಧಾನದವರು. ಎಷ್ಟು ಸರಳ ಅಲ್ವಾ? ಮೊದಲು ಬರುವುದು ಅದೃಷ್ಟ ಕೊಡುವ ಬಹುಮಾನ ಆಗಿ ಉಳಿಯುವುದಿಲ್ಲ, ಬೆಲೆ ಕೊಟ್ಟು ಕೊಳ್ಳುವ ವಸ್ತು ಆಗುತ್ತದೆ. ನಿಮ್ಮ ಮೇಜಿಗೆ ಹಾಗೇ ತಂದರೆ ಮಾತ್ರ ಪ್ಯಾಲಡಿನ್ ಅಳುತ್ತಾನೆ. ಅವನು ಓಡಿಹೋಗಿಯೇ ಹೊಡೆಯಬೇಕು, ಹಾಗಾಗಿ ಮೊದಲ ರೌಂಡಿನಲ್ಲಿ ನಿಧಾನವೇ ಗತಿ. ದೂರದಿಂದ ಹೊಡೆಯುವವರು ಕೂತಲ್ಲೇ ವೇಗದವರು. ಜೊತೆಗೆ ರೋಗ್‌ನ ಅಲರ್ಟ್‌ಗೆ ಬೆಲೆಯೇ ಉಳಿಯುವುದಿಲ್ಲ.

ಸ್ಯಾವೇಜ್ ವರ್ಲ್ಡ್ಸ್ ಇಸ್ಪೀಟು ಹಂಚುತ್ತದೆ. ಪ್ರತಿ ರೌಂಡಿಗೂ ಹೊಸ ಎಲೆ, ದೊಡ್ಡದು ಮೊದಲು, ಜೋಕರ್ ಬಂದವರು ಯಾವಾಗ ಬೇಕಾದರೂ ನುಗ್ಗಬಹುದು, ಮೇಲೆ 2 ಅಂಕಿ ಲಾಭ. ಪ್ರತಿ ರೌಂಡಿಗೂ ಬದಲಾದರೂ ಅಲ್ಲಿ ಬರೆಯುವ ಕೆಲಸ ಇಲ್ಲ, ಎಲೆ ಎಲ್ಲರ ಕಣ್ಣಮುಂದೆ ಇರುತ್ತದೆ. ಬೇರೇನೂ ಬೇಡವಾದರೂ ಇದನ್ನು ಕದಿಯಿರಿ: ಸಾಲು ನಿಮ್ಮ ನೋಟ್‌ಬುಕ್ಕಿನಲ್ಲಿ ಅಡಗಿರಬಾರದು, ಎಲ್ಲರಿಗೂ ಕಾಣುವ ಹಾಗೆ ಇರಬೇಕು. ಬಟ್ಟೆ ಕ್ಲಿಪ್ಪಿನ ಮೇಲೆ ಹೆಸರು ಬರೆದು ಡಿಎಂ ಪರದೆಗೆ ಸಿಕ್ಕಿಸಿದರೂ ಸಾಕು. ಟ್ರೋಯ್ಕಾ ಆಟದಲ್ಲಿ ಚೀಲದಿಂದ ಬಿಲ್ಲೆ ತೆಗೆಯುತ್ತಾರೆ, ರೌಂಡ್ ಮುಗಿಸುವ ಬಿಲ್ಲೆಯೂ ಅದರಲ್ಲೇ ಇರುತ್ತದೆ. ಅದು ಬೇಗ ಬಂದರೆ ಕೆಲವರಿಗೆ ಸರದಿಯೇ ಇಲ್ಲ. ವಾಶಿಯಿಂದ ಠಾಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಡೊಂಬಿವಲಿ ತಲುಪಿದವರಿಗೆ ಹೀಗೆ ಮಾಡಿ ನೋಡಿ, ಮುಂದಿನ ಭಾನುವಾರ ಬರುತ್ತಾರಾ?

ಹಾಗಾದರೆ ನಿಮಗೆ ಯಾವುದು? ನನ್ನ ಸಲಹೆ ಹಳೆಯ ಪಂಗಡದ ನಿಯಮವನ್ನು ಸ್ವಲ್ಪ ತಿದ್ದಿ ಬಳಸುವುದು.

ಪಂಗಡದ ನಿಯಮ ಅಂದರೆ ಈ ಕಡೆಯವರೆಲ್ಲ ಒಟ್ಟಿಗೆ, ಆಮೇಲೆ ಆ ಕಡೆಯವರೆಲ್ಲ ಒಟ್ಟಿಗೆ. 1981ರ ಬೇಸಿಕ್ ಸೆಟ್‌ನಲ್ಲಿ ಪ್ರತಿ ರೌಂಡಿಗೂ ಒಂದೊಂದು ಪಂಗಡಕ್ಕೆ ಆರು ಮುಖದ ಒಂದೊಂದು ದಾಳ ಹಾಕಿ ತೀರ್ಮಾನ ಮಾಡುತ್ತಿದ್ದರು. ವೇಗ ಅಂದರೆ ವೇಗ. ತೊಂದರೆ ಎರಡು. ಪ್ರತಿ ರೌಂಡಿಗೂ ಹಾಕಿದರೆ, ಈ ರೌಂಡಿನಲ್ಲಿ ಕೊನೆಗೆ ಆಡಿದ ಪಂಗಡ ಮುಂದಿನದರಲ್ಲಿ ಮೊದಲು ಬಂದು ಸಾಲಾಗಿ ಎರಡು ಸಲ ಹೊಡೆಯಬಹುದು. ಮೇಲೆ ಹೇಳಿದ ಆ ಹನ್ನೆರಡು ಏಟು ಮತ್ತೆ ಬಂತು. ಒಂದೇ ಸಲ ಹಾಕಿದರೆ, ಗೆದ್ದ ಪಂಗಡದ ಎಲ್ಲರೂ ಮೊದಲೇ ಹೊಡೆದು ಕಾಳಗ ಅಲ್ಲೇ ಮುಗಿದ ಹಾಗೆ.

ತಿದ್ದಿದ ರೂಪ ಹೀಗಿದೆ. ಶತ್ರುಗಳಿಗೆ ದಾಳವೇ ಬೇಡ, 10ಕ್ಕೆ ಅವರ ಡೆಕ್ಸ್ ಬೋನಸ್ ಕೂಡಿಸಿ. ಬಗ್‌ಬೇರ್ ಡೆಕ್ಸ್ +2, ಹಾಗಾಗಿ 12. ಆಟಗಾರರು ಎಂದಿನಂತೆ ಇನಿಶಿಯೇಟಿವ್ ಹಾಕಲಿ. 12 ಅಥವಾ ಜಾಸ್ತಿ ಬಂದವರು ಶತ್ರುಗಳಿಗಿಂತ ಮೊದಲು ಒಂದು ಸರದಿ ಆಡುತ್ತಾರೆ. ಆಮೇಲೆ ಶತ್ರುಗಳೆಲ್ಲ. ಆಮೇಲೆ ಆಟಗಾರರೆಲ್ಲ. ಮತ್ತೆ ಶತ್ರುಗಳೆಲ್ಲ. ಮುಗಿಯುವ ತನಕ ಹೀಗೇ. ಪಟ್ಟಿ ಇಲ್ಲ, ಜೋಡಿಸುವುದಿಲ್ಲ. ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: "12 ಮುಟ್ಟಿದವರು, ದಾಟಿದವರು ಯಾರು?"

ಲೆಕ್ಕ ನೋಡಿ. +9 ಇರುವ ರೋಗ್ ದಾಟುವುದು ನೂರಕ್ಕೆ 90 ಸಲ. +4ರ ಮಂಕ್ 65, +2ರ ವಿಝರ್ಡ್ 55, 0 ಇರುವ ಕ್ಲೆರಿಕ್ 45, ಕಬ್ಬಿಣ ಹೊತ್ತ −1ರ ಪ್ಯಾಲಡಿನ್ 40. ಕೂಡಿಸಿದರೆ ಸರಾಸರಿ ಐದರಲ್ಲಿ ಮೂವರು. ಐದೂ ಜನ ಒಟ್ಟಿಗೆ ನುಗ್ಗಿ ಮುಗಿಸುವುದು ಹೆಚ್ಚಾಗಿ ತಪ್ಪಿತು, ಯಾರಿಗೂ ಅವಕಾಶ ಇಲ್ಲ ಅನ್ನುವುದೂ ಹೆಚ್ಚಾಗಿ ತಪ್ಪಿತು. ಅಲರ್ಟ್‌ಗೆ ಬೆಲೆ ಉಳಿಯಿತು. ಸಾಲಾಗಿ ಎರಡು ಸಲ ಹೊಡೆಯುವುದು ಯಾವ ಕಡೆಗೂ ಇಲ್ಲ.

ಅವಧಿಯ ಲೆಕ್ಕವೂ ಇಲ್ಲಿ ಕೆಡುವುದಿಲ್ಲ. ನಿಯಮ ತಿದ್ದುವವರು ಹೆಚ್ಚಾಗಿ ಎಡವುವುದು ಇಲ್ಲೇ. "ನಿನ್ನ ಮುಂದಿನ ಸರದಿ ಶುರುವಾಗುವ ತನಕ" ಅನ್ನುವ ಮಾತು ಐದನೇ ಆವೃತ್ತಿಯಲ್ಲಿ ಎಲ್ಲೆಲ್ಲೂ ಇದೆ. ಶೀಲ್ಡ್ ಮಂತ್ರ ಹಾಗೇ, ಡಾಡ್ಜ್ (ಏಟು ತಪ್ಪಿಸಿಕೊಳ್ಳುವುದಕ್ಕೇ ಸರದಿ ಬಳಸುವುದು) ಹಾಗೇ. ಪ್ರತಿ ರೌಂಡಿಗೂ ಸಾಲು ಬದಲಾದರೆ ಈ ಅವಧಿ ಒಮ್ಮೆ ಎರಡು ಪಟ್ಟು ಹಿಗ್ಗುತ್ತದೆ, ಒಮ್ಮೆ ಏನೂ ಉಳಿಯದ ಹಾಗೆ ಕುಗ್ಗುತ್ತದೆ. ಈ ನಿಯಮದಲ್ಲಿ ಆಟಗಾರರ ಎರಡು ಸರದಿಗಳ ನಡುವೆ ಶತ್ರುಗಳ ಪಾಳಿ (ಅವರೆಲ್ಲ ಒಟ್ಟಿಗೆ ಆಡುವ ಸರದಿ) ಸರಿಯಾಗಿ ಒಂದು ಸಲ ಬರುತ್ತದೆ. ಡಾಡ್ಜ್ ಮಾಡಿದವನಿಗೆ ಆ ಪಾಳಿ ಪೂರ್ತಿ ಅದರ ರಕ್ಷಣೆ.

ಒಂದು ತೂತು ಮಾತ್ರ ಇದೆ, ನಿಮ್ಮ ಮಂಕ್ ಅದನ್ನು ಕಂಡುಹಿಡಿಯುವ ಮೊದಲು ಮುಚ್ಚಿಬಿಡಿ. ಸ್ಟನ್ನಿಂಗ್ ಸ್ಟ್ರೈಕ್ ಬಿದ್ದ ಶತ್ರು ಮಂಕ್‌ನ ಮುಂದಿನ ಸರದಿ ಮುಗಿಯುವ ತನಕ ಕಲ್ಲಿನ ಹಾಗೆ ನಿಂತಿರುತ್ತಾನೆ, ಎಲ್ಲರಿಗೂ ಅವನ ಮೇಲೆ ಅಡ್ವಾಂಟೇಜ್ (ಎರಡು ದಾಳ ಹಾಕಿ ದೊಡ್ಡದನ್ನು ಇಟ್ಟುಕೊಳ್ಳುವ ಅವಕಾಶ). ಈಗ ಮಂಕ್ ಈ ಪಾಳಿಯಲ್ಲಿ ಎಲ್ಲರಿಗಿಂತ ಮೊದಲು ಹೊಡೆದು, ಮುಂದಿನ ಪಾಳಿಯಲ್ಲಿ ಬೇಕೆಂದೇ ಕೊನೆಗೆ ಆಡಿದ ಅನ್ನಿ. ಉಳಿದ ನಾಲ್ವರಿಗೂ ಎರಡೆರಡು ಸಲ ಅಡ್ವಾಂಟೇಜ್ ಸಿಗುತ್ತದೆ. ಪುಸ್ತಕದ ಲೆಕ್ಕದಲ್ಲಿ ಸಿಗಬೇಕಾದ್ದು ಒಂದೇ ಸಲ. ಹಾಗಾಗಿ ಒಂದು ಸಾಲು ಸೇರಿಸಿ: ಶತ್ರುವಿನ ಮೇಲೆ ಯಾರ ಪರಿಣಾಮ ಇನ್ನೂ ನಡೆಯುತ್ತಿದೆಯೋ, ಮುಂದಿನ ಪಾಳಿಯಲ್ಲಿ ಮೊದಲ ಸರದಿ ಅವರದ್ದು. ಇಬ್ಬರಿದ್ದರೆ ಅವರವರೇ ಮಾತಾಡಿಕೊಳ್ಳಲಿ.

ಪಾಳಿ ಒಟ್ಟಿಗೆ ಬಂದರೆ ಇನ್ನೊಂದು ಕಷ್ಟ ಶುರುವಾಗುತ್ತದೆ, ಗದ್ದಲ. ಡೊಂಬಿವಲಿಯಲ್ಲಿ ಬೆಳಗ್ಗೆ ಎಂಟರ ಫಾಸ್ಟ್ ಲೋಕಲ್ ಬಂದ ಹಾಗೆ, ಎಲ್ಲರೂ ಒಂದೇ ಬಾಗಿಲಿಗೆ. ಗಟ್ಟಿ ದನಿಯವರು ಒಳಗೆ, ಮೆತ್ತಗಿನವರು ಪ್ಲಾಟ್‌ಫಾರ್ಮಿನಲ್ಲಿ. ಇದಕ್ಕೆ ನಾನು ಹೇಳುವುದು ಕೂತ ಸಾಲು. ಡಿಎಂ ಎಡಗಡೆ ಕೂತವರಿಂದ ಶುರು, ಹಾಗೇ ಸುತ್ತಿ ಬನ್ನಿ. ಯಾರಾದರೂ ಇಬ್ಬರು ಒಪ್ಪಿದರೆ ಜಾಗ ಬದಲಿಸಬಹುದು. "ತಡಿ ಯಾರ್, ನಾನು ಫೈರ್‌ಬಾಲ್ ಹಾಕ್ತೀನಿ, ಆಮೇಲೆ ನೀನು ನುಗ್ಗು" ಅಂತ ವಿಝರ್ಡ್ ಪ್ಯಾಲಡಿನ್‌ಗೆ ಹೇಳುತ್ತಾಳೆ, ಅವನು ಕೈಸನ್ನೆ ಮಾಡಿ ಬಿಡುತ್ತಾನೆ. ಈಗಿನ ನಿಯಮದಲ್ಲಿ ಪ್ಯಾಲಡಿನ್ ಮೊದಲೇ ಒಳಗೆ ಸೇರಿಕೊಂಡು, 20 ಅಡಿ ತ್ರಿಜ್ಯದ ಬೆಂಕಿಗೆ ಜಾಗವೇ ಇರುತ್ತಿರಲಿಲ್ಲ. ಕಾಯುವ ಹೊತ್ತಿನಲ್ಲಿ ಮಾಡಲು ಅವರಿಗೆ ಒಂದು ಕೆಲಸ ಸಿಕ್ಕಿತಲ್ಲ, ಮೊಬೈಲ್ ತಾನಾಗಿ ಕೆಳಗೆ ಹೋಗುತ್ತದೆ. ಪಾಳಿ ಶುರುವಾದಾಗ ಅರ್ಧ ನಿಮಿಷ ಮಾತಿಗೆ ಬಿಡಿ, ಆಮೇಲೆ ಆಟ.

ಇದರಿಂದ ಆಟಗಾರರ ಬಲ ಹೆಚ್ಚುತ್ತದೆ, ಅದನ್ನು ಮರೆಯಬೇಡಿ. ಹೊಂದಿಸಿಕೊಂಡು ಹೊಡೆಯುವ ಐವರು, ಚೆಲ್ಲಾಪಿಲ್ಲಿ ಹೊಡೆಯುವ ಐವರಿಗಿಂತ ಎಷ್ಟೋ ಮೇಲು. ನೀವು ಆರು ಬಗ್‌ಬೇರ್ ಇಟ್ಟಿದ್ದಲ್ಲಿ ಏಳು ಇಡಿ. ಶತ್ರುಗಳೂ ಹೊಂದಿಸಿಕೊಂಡು ಹೊಡೆಯಬಲ್ಲರು, ಆದರೆ ಎಲ್ಲರೂ ಸೇರಿ ವಿಝರ್ಡ್ ಒಬ್ಬಳ ಮೇಲೇ ಬೀಳುವುದನ್ನು ನಿಜಕ್ಕೂ ಬುದ್ಧಿ ಇರುವ ಶತ್ರುಗಳಿಗೆ ಮಾತ್ರ ಇಟ್ಟುಕೊಳ್ಳಿ. ನಾಯಕ ಇದ್ದರೆ ಅವನನ್ನು ಗುಂಪಿನಿಂದ ಬೇರೆ ಮಾಡಿ, ಆಟಗಾರರ ಪಾಳಿಯ ನಡುವೆ, ಮೂರನೆಯವರು ಆಡಿದ ಮೇಲೆ ಅವನ ಸರದಿ ಇಡಿ. ಪಾಳಿ ಪೂರ್ತಿ ನಮ್ಮದೇ ಅನ್ನುವ ಧೈರ್ಯ ಅಲ್ಲಿಗೆ ಮುರಿಯುತ್ತದೆ. ಲೆಜೆಂಡರಿ ಆಕ್ಷನ್ ಇರುವ ದೊಡ್ಡ ಪ್ರಾಣಿಗಳಿಗೆ ಇದೂ ಬೇಡ. ಅವು ಹೇಗೂ ಬೇರೆಯವರ ಸರದಿ ಮುಗಿದಾಗ ಬಾಲ ಬೀಸುತ್ತವೆ.

ವಾಶಿಯವರ ಪ್ರಶ್ನೆ ಇಲ್ಲಿ ತಾನಾಗಿ ಬಗೆಹರಿಯಿತು. ಬಂದರು, ಚಪ್ಪಲಿ ಬಿಟ್ಟರು, ಮುಂದಿನ ಪಾಳಿಯಲ್ಲಿ ಕೂತ ಜಾಗದಲ್ಲೇ ಸರದಿ. ದಾಳ ಹಾಕುವುದೂ ಬೇಡ, ಪಟ್ಟಿ ತಿದ್ದುವುದೂ ಬೇಡ. ಸೆಂಟ್ರಲ್ ಲೈನಿನಲ್ಲಿ ಭಾನುವಾರದ ಮೆಗಾಬ್ಲಾಕ್ ನಿಲ್ಲುವ ವಿಷಯ ಅಲ್ಲ, ನಿಯಮವೇ ಅದಕ್ಕೆ ಹೊಂದಿಕೊಳ್ಳಲಿ.

ಪರೀಕ್ಷೆ ಮಾಡುವುದು ಹೇಗೆ ಅಂದರೆ, ಕತೆಯ ಮುಖ್ಯ ಕಾಳಗದಲ್ಲಿ ಬೇಡ. ಅದೇ ಆರು ಬಗ್‌ಬೇರ್, ಅದೇ ನಕ್ಷೆ, ಒಮ್ಮೆ ಹಳೇ ನಿಯಮದಲ್ಲಿ, ಒಮ್ಮೆ ಹೊಸದರಲ್ಲಿ ಆಡಿಸಿ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟು ಎರಡೇ ವಿಷಯ ಬರೆದುಕೊಳ್ಳಿ: ಒಂದು ರೌಂಡಿಗೆ ಎಷ್ಟು ಹೊತ್ತು ಹಿಡಿಯಿತು, ಅತಿ ಹೆಚ್ಚು ಕಾದವರು ಎಷ್ಟು ಕಾದರು. "ಹೇಗಿತ್ತು?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿತ್ತು ಅನ್ನುತ್ತಾರೆ, ನಮ್ಮ ಜನಕ್ಕೆ ದಾಕ್ಷಿಣ್ಯ ಜಾಸ್ತಿ. ಗಡಿಯಾರಕ್ಕೆ ದಾಕ್ಷಿಣ್ಯ ಇಲ್ಲ. ಒಂದು ಸಲಕ್ಕೆ ಒಂದೇ ನಿಯಮ ಬದಲಿಸಿ. ನಾಲ್ಕು ಬದಲಿಸಿ ಆಟ ಚೆನ್ನಾದರೆ, ಯಾವುದರಿಂದ ಚೆನ್ನಾಯಿತು ಅಂತ ತಿಳಿಯುವುದೇ ಇಲ್ಲ.

ಶುರು ಮಾಡುವ ಮೊದಲು ರೋಗ್ ಆಡುವ ಹುಡುಗನ ಹತ್ತಿರ ಬೇರೆಯಾಗಿ ಮಾತಾಡಿ. ಅವನು ಅಸ್ಯಾಸಿನ್ (ರೋಗ್‌ನಲ್ಲೇ ಒಂದು ಬಗೆ) ಆಗಿದ್ದರೆ ಇನ್ನೂ ಸರದಿ ಆಡದ ಶತ್ರುವಿನ ಮೇಲೆ ಅವನಿಗೆ ಅಡ್ವಾಂಟೇಜ್ ಇದೆ, ಹೊಸ ನಿಯಮದಲ್ಲೂ 12 ದಾಟಿದ ದಿನ ಅದು ಹಾಗೇ ಸಿಗುತ್ತದೆ ಅಂತ ಹೇಳಿ. ಅಷ್ಟಾದರೂ ಅಲರ್ಟ್ ಬೇಡ ಅನಿಸಿದರೆ ಬೇರೆ ಫೀಟ್ ತೆಗೆದುಕೊಳ್ಳಲು ಒಂದು ಅವಕಾಶ ಕೊಡಿ, ಮೊದಲ ಕಾಳಗಕ್ಕೆ ಮುಂಚೆಯೇ.